ಮಹದೇವಪುರದ ಮಾರ್ಗವೂ ಮೋಟಾರಿನ ಸವೆತವೂ

ಮೋಟಾರುಕಾರನ್ನು ಕೊಳ್ಳುವುದಕ್ಕೆ ಮೊದಲು ತಿಂಗಳುಗಟ್ಟಲೆ ಆಲೋಚಿಸಿ, ಬೆಲೆಯನ್ನೂ ಬಣ್ಣವನ್ನೂ ಸಾಲದ ಬಡ್ಡಿಯನ್ನೂ ತೂಗಿ ನೋಡಿ, ಕಾರುಳ್ಳ ಬಂಧುಗಳೆಲ್ಲರ ಅಭಿಪ್ರಾಯವನ್ನು ಕೇಳಿ, ಕಡೆಗೊಂದು ಶುಭದಿನದಲ್ಲಿ ನಾಲ್ಕು ಚಕ್ರಗಳಡಿ ನಾಲ್ಕು ನಿಂಬೆಹಣ್ಣುಗಳನ್ನಿಟ್ಟು ಅದನ್ನು ಮನೆಗೆ ತರುವ ಗೃಹಸ್ಥನು, ಆ ಯಂತ್ರವು ಮುಂದಿನ ಹತ್ತು ವರ್ಷಗಳಲ್ಲಿ ತನ್ನ ಕೈಯಿಂದ ಇನ್ನೆಷ್ಟು ಹಣವನ್ನು ಹೊರಡಿಸತಕ್ಕದ್ದೆಂಬುದನ್ನು ಮಾತ್ರ ಅಪರೂಪವಾಗಿ ಯೋಚಿಸುತ್ತಾನೆ. ಪೆಟ್ರೋಲಿನ ವೆಚ್ಚವನ್ನು ಬಂಕಿನ ಮೀಟರು ಅವನಿಗೆ ಪೈಸೆಗಳ ಸಮೇತ ತೋರಿಸುತ್ತದೆ. ವಿಮೆಯ ಕಂತು ವರ್ಷಕ್ಕೊಮ್ಮೆ ತಾನಾಗಿಯೇ ನೆನಪು ಮಾಡಿಕೊಡುತ್ತದೆ. ಆದರೆ ಪಾಲನೆ ಮತ್ತು ದುರಸ್ತಿಯ ವೆಚ್ಚವೆಂಬುದಕ್ಕೆ ಇಂಥ ನಿಯತವಾದ ಆಕಾರವಿಲ್ಲ. ಅದು ಒಂದು ವರ್ಷ ಆರು ಸಾವಿರವಾಗಿ ಬಂದು ಸುಮ್ಮನೆ ಹೋಗುತ್ತದೆ, ಮರುವರ್ಷ ನಲವತ್ತು ಸಾವಿರವಾಗಿ ಬಂದು ಮನೆಯ ಲೆಕ್ಕಾಚಾರವನ್ನೆಲ್ಲ ಕೆಡಿಸುತ್ತದೆ. ಏತಕ್ಕೆ ಹೀಗಾಯಿತೆಂದು ಕೇಳಿದರೆ ಉತ್ತರ ಹೇಳಬಲ್ಲವನು ಆ ಬಿಲ್ಲನ್ನು ಬರೆದವನೇ ಹೊರತು ಬೇರೊಬ್ಬನಲ್ಲ.

ಈ ಮಾತು ಊರಿನ ಎಲ್ಲ ದಿಕ್ಕಿಗೂ ಸಲ್ಲುವುದಾದರೂ, ಪೂರ್ವ ಬೆಂಗಳೂರಿನಲ್ಲಿ, ವಿಶೇಷವಾಗಿ ಮಹದೇವಪುರದಲ್ಲಿ, ಇದಕ್ಕೆ ಒಂದು ತೀಕ್ಷ್ಣತೆ ಉಂಟು. 1948ರಲ್ಲಿ ದೂರವಾಣಿನಗರದಲ್ಲಿ ಐ.ಟಿ.ಐ. ಎಂಬ ದೂರವಾಣಿ ಕಾರ್ಖಾನೆ ಸ್ಥಾಪಿತವಾದ ಕಾಲದಿಂದ ಈ ಭಾಗ ಕಾರ್ಖಾನೆಗಳ ಸೀಮೆಯಾಗಿಯೇ ಬೆಳೆದು, ಆಮೇಲೆ ವೈಟ್‌ಫೀಲ್ಡಿನ ತಂತ್ರಜ್ಞಾನ ಸೌಧಗಳಿಗೆ ಹೆಬ್ಬಾಗಿಲಾಯಿತು. ಮೊದಲು ಇದೊಂದು ನಗರಸಭೆಯಾಗಿತ್ತು, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು, 2025ರಲ್ಲಿ ಆ ಪಾಲಿಕೆಯೇ ಒಡೆದು ಹಲವಾದಾಗ ಪೂರ್ವ ನಗರಪಾಲಿಕೆಯ ಪಾಲಿಗೆ ಬಂದಿತು. ಇಷ್ಟೆಲ್ಲ ಆಡಳಿತ ಪರಿವರ್ತನೆಗಳನ್ನು ಕಂಡರೂ ಟಿನ್ ಫ್ಯಾಕ್ಟರಿಯಿಂದ ಸಿಂಗಯ್ಯನಪಾಳ್ಯ, ಗರುಡಾಚಾರ್‌ಪಾಳ್ಯಗಳನ್ನು ಹಾದು ಹೂಡಿಯವರೆಗೆ ಸಾಗುವ ರಸ್ತೆ ತನ್ನ ಮೂಲ ಸ್ವಭಾವವನ್ನು ಬಿಟ್ಟುಕೊಟ್ಟಿಲ್ಲ. ಕೆ.ಆರ್. ಪುರದ ತೂಗುಸೇತುವೆಯ ಕೆಳಗೆ ಹಳೆಯ ಮದರಾಸು ರಸ್ತೆಯೂ ಹೊರವರ್ತುಲ ರಸ್ತೆಯೂ ರೈಲು ನಿಲ್ದಾಣಕ್ಕೆ ಬರುವ ಜನಪ್ರವಾಹವೂ ಒಂದೆಡೆ ಸೇರುತ್ತವೆ. ನೇರಳೆ ಮಾರ್ಗದ ಮೆಟ್ರೊ 2023ರ ಮಾರ್ಚಿನಲ್ಲಿ ವೈಟ್‌ಫೀಲ್ಡಿನಿಂದ ಕೆ.ಆರ್. ಪುರದವರೆಗೂ, ಅದೇ ವರ್ಷದ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯವರೆಗೂ ಓಡತೊಡಗಿ ಬಹುಮಂದಿಗೆ ಉಪಕಾರ ಮಾಡಿತು, ನಿಜ. ಆದರೆ ಕೆಳಗಿನ ರಸ್ತೆಯಲ್ಲಿ ನಿಂತಿದ್ದ ಕಾರುಗಳು ನಿಂತೇ ಇವೆ. 2022ರಲ್ಲಿ ಟಾಮ್‌ಟಾಮ್ ಎಂಬ ಡಚ್ ಸಂಸ್ಥೆ ಅಳೆದು ಹೇಳಿದ ಪ್ರಕಾರ ಬೆಂಗಳೂರಿನ ಮಧ್ಯಭಾಗದಲ್ಲಿ 10 ಕಿಲೊಮೀಟರು ಚಲಿಸುವುದಕ್ಕೆ ಸರಾಸರಿ 29 ನಿಮಿಷ 10 ಸೆಕೆಂಡು ಹಿಡಿಯುತ್ತಿತ್ತು. ಸಾಯಂಕಾಲ ಆರೂವರೆಗೆ ಗ್ರಾಫೈಟ್ ಇಂಡಿಯಾ ಸಿಗ್ನಲಿನಲ್ಲಿ ನಿಂತಿರತಕ್ಕವನಿಗೆ ಈ ಸಂಖ್ಯೆ ಬಹಳ ಉದಾರವಾದದ್ದೆಂದು ತೋರೀತು.

ಇಂಥ ರಸ್ತೆಯಲ್ಲಿ ಕಾರಿನ ಯಾವ ಅಂಗ ಮೊದಲು ಸವೆಯುವುದೆಂದು ವಿಚಾರಿಸೋಣ. ಓಡುವ ಕಾರನ್ನು ನಿಲ್ಲಿಸುವುದೆಂದರೆ ಅದರ ಚಲನಶಕ್ತಿಯನ್ನು ಉಷ್ಣವಾಗಿ ಮಾರ್ಪಡಿಸಿ ಗಾಳಿಗೆ ಬಿಟ್ಟುಕೊಡುವುದೇ ವಿನಾ ಮತ್ತೇನೂ ಅಲ್ಲ. ಜನರೂ ಸಾಮಾನೂ ಸೇರಿ ಸಾವಿರದ ನೂರು ಕಿಲೊ ತೂಗುವ ಒಂದು ಸಾಧಾರಣ ಕಾರು ಗಂಟೆಗೆ 40 ಕಿಲೊಮೀಟರ್ ವೇಗದಲ್ಲಿದ್ದು ನಿಂತಿತೆನ್ನಿ. ಆ ಒಂದು ನಿಲುಗಡೆಯಲ್ಲಿ ಹುಟ್ಟುವ ಶಾಖ ಸುಮಾರು 68,000 ಜೂಲು, ಅಂದರೆ ಒಂದು ಲೋಟ ತಣ್ಣೀರನ್ನು ಕುದಿಯುವ ತನಕ ಕಾಯಿಸುವುದಕ್ಕೆ ಸಾಕಾಗುವಷ್ಟು. ವೇಗ ಇಮ್ಮಡಿಸಿದರೆ ಶಾಖ ನಾಲ್ಮಡಿಯಾಗುತ್ತದೆ. ಈ ಶಾಖವೆಲ್ಲ ಹುಟ್ಟುವುದು ಚಕ್ರದ ಜೊತೆ ತಿರುಗುವ ಡಿಸ್ಕ್ ಎಂಬ ಎರಕದ ಕಬ್ಬಿಣದ ಬಿಲ್ಲೆಗೂ ಅದನ್ನು ಎರಡು ಬದಿಯಿಂದ ಅಮುಕಿ ಹಿಡಿಯುವ ಬ್ರೇಕ್ ಪ್ಯಾಡಿಗೂ ನಡುವೆ. ಕಾರು ನಿಲ್ಲುವಾಗ ಅದರ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಮುಂದಿನ ಪ್ಯಾಡುಗಳು ಹಿಂದಿನವುಗಳಿಗಿಂತ ಬಹು ಬೇಗ ತೇಯುತ್ತವೆ. ಹಿಂದಿನ ಚಕ್ರಗಳಲ್ಲಿ ಇನ್ನೂ ಡ್ರಮ್ಮು ಮತ್ತು ಬ್ರೇಕ್ ಶೂ ಇರುವ ಕಾರುಗಳಲ್ಲಂತೂ ಮುಂದಿನ ಪ್ಯಾಡು ಎರಡು ಮೂರು ಸಲ ಬದಲಾಗುವ ಹೊತ್ತಿಗೆ ಹಿಂದಿನದು ಒಂದು ಸಲ ಬದಲಾದರೆ ಹೆಚ್ಚು.

ಹೆದ್ದಾರಿಯಲ್ಲಿ ಕೋಲಾರಕ್ಕೆ ಹೋಗಿ ಬರುವವನು ನೂರು ಕಿಲೊಮೀಟರಿಗೆ ಹತ್ತೋ ಹನ್ನೆರಡೋ ಸಲ ಬ್ರೇಕು ತುಳಿದಾನು. ದೊಡ್ಡನೆಕ್ಕುಂದಿಯಿಂದ ವೈಟ್‌ಫೀಲ್ಡಿನ ಐ.ಟಿ.ಪಿ.ಎಲ್. ಸೌಧಕ್ಕೆ ಹೋಗುವವನು ಅಷ್ಟನ್ನು ಮೊದಲ ಕಿಲೊಮೀಟರಿನಲ್ಲಿಯೇ ತುಳಿದು ಮುಗಿಸುತ್ತಾನೆ. ಇಬ್ಬರ ಕಾರಿನಲ್ಲೂ ಓಡಿದ ದೂರವನ್ನು ತೋರಿಸುವ ಅಂಕೆ ಒಂದೇ ಆಗಿದ್ದರೂ ಪ್ಯಾಡಿನ ಆಯುಷ್ಯ ಒಂದೇ ಆಗಿರಲಾರದು. ಇದರ ಮೇಲೆ ಈಚೆಗೆ ನಗರದಲ್ಲಿ ಜನಪ್ರಿಯವಾಗಿರುವ ಆಟೊಮ್ಯಾಟಿಕ್ ಗೇರಿನ ಕಾರುಗಳಿಗೆ ಒಂದು ವಿಶೇಷ ಗುಣವುಂಟು: ಗೇರು ಹಾಕಿಕೊಂಡು ಬ್ರೇಕಿನಿಂದ ಪಾದ ತೆಗೆದೊಡನೆ ಅವು ತಾವಾಗಿಯೇ ಮೆಲ್ಲಗೆ ಮುಂದಕ್ಕೆ ತೆವಳುತ್ತವೆ. ದಟ್ಟಣೆಯಲ್ಲಿ ಆ ತೆವಳುವಿಕೆಯನ್ನು ತಡೆಹಿಡಿಯುವುದಕ್ಕಾಗಿ ಚಾಲಕನ ಪಾದ ಬ್ರೇಕನ್ನು ಬಿಡುವುದೇ ಇಲ್ಲ. ಕೈಗೇರಿನವರು ಇದಕ್ಕೆ ನಗಬೇಕಾದದ್ದಿಲ್ಲ; ಅವರ ಪಾಲಿನ ದಂಡವನ್ನು ಕ್ಲಚ್ ಪ್ಲೇಟು ಕಟ್ಟುತ್ತದೆ, ಮತ್ತು ಅದು ಪ್ಯಾಡಿಗಿಂತ ಎಷ್ಟೋ ದುಬಾರಿಯಾದ ದಂಡ. ಕಾರಿನ ಜೊತೆಗೆ ಬರುವ ಕೈಪಿಡಿಯನ್ನು ಯಾರೂ ಓದುವುದಿಲ್ಲ. ಓದಿದರೆ ಅದರಲ್ಲಿ 10,000 ಕಿಲೊಮೀಟರಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಎಂಬ ಸಾಮಾನ್ಯ ಪಟ್ಟಿಯ ಪಕ್ಕದಲ್ಲಿಯೇ ‘ಕಠಿಣ ಬಳಕೆ’ಗೆಂದು ಮತ್ತೊಂದು ಪಟ್ಟಿ ಇರುವುದೂ, ಧೂಳು, ಹಳ್ಳ, ಮೇಲಿಂದ ಮೇಲೆ ನಿಂತು ಹೊರಡುವಿಕೆ ಎಂಬ ಅದರ ಲಕ್ಷಣಗಳೆಲ್ಲ ತನ್ನ ಬೀದಿಯನ್ನೇ ನೋಡಿ ಬರೆದಂತಿರುವುದೂ ಓದುಗನಿಗೆ ಗೋಚರವಾಗುತ್ತದೆ.

ಟೈರಿನ ಕಥೆ ಇದಕ್ಕಿಂತ ಕೊಂಚ ಬೇರೆ. ಹೊಸ ಟೈರಿನ ಮೈಮೇಲಿನ ತೋಡುಗಳು ಏಳೆಂಟು ಮಿಲಿಮೀಟರು ಆಳವಿರುತ್ತವೆ. ಕಾರಿನ ಟೈರಿನಲ್ಲಿ ಈ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಕೂಡದೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸುತ್ತವೆ. ಅಳತೆಗೋಲು ಇಲ್ಲದವನಿಗೂ ತಿಳಿಯಲೆಂದು ತಯಾರಕರು ತೋಡಿನ ತಳದಲ್ಲಿ ಅಷ್ಟೇ ಎತ್ತರದ ಸಣ್ಣ ದಿಣ್ಣೆಗಳನ್ನು ಎರಕದಲ್ಲಿಯೇ ಇಟ್ಟಿರುತ್ತಾರೆ; ಮೇಲ್ಮೈ ಸವೆದು ಆ ದಿಣ್ಣೆಗೆ ಸಮವಾದ ದಿನ ಟೈರಿನ ಆಯುಷ್ಯ ಮುಗಿಯಿತು. ಸವೆತದ ರೀತಿಯೂ ಬಹಳ ವಿಷಯ ಹೇಳುತ್ತದೆ. ನಡುಭಾಗ ಮಾತ್ರ ತೇದಿದ್ದರೆ ಗಾಳಿ ಹೆಚ್ಚಾಗಿತ್ತು. ಎರಡು ಅಂಚುಗಳು ತೇದಿದ್ದರೆ ಗಾಳಿ ಕಡಿಮೆಯಿತ್ತು. ಒಂದೇ ಅಂಚು ತೇದಿದ್ದರೆ ಚಕ್ರದ ಅಲೈನ್‌ಮೆಂಟು ತಪ್ಪಿದೆ, ಅದನ್ನು ತಪ್ಪಿಸಿದ ಹಳ್ಳ ಎಲ್ಲಿದೆಯೆಂದು ಬಹುಶಃ ಚಾಲಕನಿಗೇ ಗೊತ್ತು. ಪಕ್ಕದ ಗೋಡೆಯಲ್ಲಿ ಬಾವು ಬಂದಂತೆ ಉಬ್ಬಿದ್ದರೆ ಒಳಗಿನ ಎಳೆಗಳು ಹಳ್ಳದ ಅಂಚಿಗೆ ಬಡಿದು ತುಂಡಾಗಿವೆ. ಇದಕ್ಕೆ ಮದ್ದಿಲ್ಲ, ಟೈರನ್ನು ಬದಲಿಸಲೇಬೇಕು.

ಇಲ್ಲಿನ ಕಾರುಗಳಲ್ಲಿ ನಾನು ಗಮನಿಸಿರುವ ಮತ್ತೊಂದು ವೈಚಿತ್ರ್ಯವನ್ನು ಹೇಳಿಬಿಡುತ್ತೇನೆ. ಮೆಟ್ರೊ ಬಂದ ಮೇಲೆಯೂ ಮನೆಯಿಂದಲೇ ಕೆಲಸ ಮಾಡುವ ಪದ್ಧತಿ ಬಂದ ಮೇಲೆಯೂ ವಸತಿ ಸಮುಚ್ಚಯಗಳ ನೆಲಮಾಳಿಗೆಯಲ್ಲಿ ನಿಂತೇ ಇರುವ ಕಾರುಗಳು ಅಸಂಖ್ಯಾತವಾಗಿವೆ. ಅವುಗಳ ಟೈರು ಸವೆಯುವುದಿಲ್ಲ, ಮುದಿಯಾಗುತ್ತದೆ. ಟೈರಿನ ಪಕ್ಕದ ಗೋಡೆಯಲ್ಲಿ ಒಂದು ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕೆಗಳುಂಟು. 2419 ಎಂದಿದ್ದರೆ ಅದು 2019ರ 24ನೆಯ ವಾರದಲ್ಲಿ ಹುಟ್ಟಿದ್ದೆಂದು ಅರ್ಥ. ಅಂಥ ಟೈರು ನೋಡುವುದಕ್ಕೆ ಹೊಸದರಂತೆ ಆಳವಾದ ತೋಡುಗಳನ್ನು ಉಳಿಸಿಕೊಂಡಿದ್ದರೂ ಅದರ ರಬ್ಬರು ಗಡುಸಾಗಿ, ಕೂದಲೆಳೆಯಂಥ ಬಿರುಕುಗಳು ಬಿದ್ದು, ಮಳೆಯ ರಸ್ತೆಯನ್ನು ಹಿಡಿಯುವ ಶಕ್ತಿ ಕುಂದಿರುತ್ತದೆ. ಹೊಸ ಟೈರನ್ನು ಕೊಳ್ಳುವಾಗಲೂ ಈ ಅಂಕೆಗಳನ್ನು ನೋಡಿಯೇ ಕೊಳ್ಳಬೇಕು. ಅಂಗಡಿಯ ಅಟ್ಟದಲ್ಲಿ ಎರಡು ವರ್ಷ ಮಲಗಿದ್ದ ಸರಕು ರಿಯಾಯಿತಿಯ ವೇಷ ಹಾಕಿಕೊಂಡು ಕೆಳಗಿಳಿಯುವುದುಂಟು. ಗಾಳಿಗೆ ಬದಲಾಗಿ ನೈಟ್ರೊಜನ್ ತುಂಬಿಸಿಕೊಳ್ಳಿರೆಂದು ಒತ್ತಾಯಿಸುವವರಿಗೆ, ನಾವು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ 78 ಪಾಲು ಅದೇ ಇದೆಯೆಂದು ವಿನಯದಿಂದ ತಿಳಿಸಬಹುದು.

ಟೈರು ಹೊರಗಿದೆ, ಬಾಗಿದರೆ ಕಾಣುತ್ತದೆ. ಬ್ರೇಕ್ ಪ್ಯಾಡು ಚಕ್ರದ ಒಳಮೈಯಲ್ಲಿ ಅವಿತಿದೆ; ಬ್ರೇಕಿನ ಎಣ್ಣೆ ಕೊಳವೆಗಳಲ್ಲಿದೆ; ಗೇರಿನ ಎಣ್ಣೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾರಿನ ಪಾಲನೆಯಲ್ಲಿ ಯಜಮಾನನ ಕಣ್ಣು ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಮುಂದಕ್ಕೆ ಅವನಿಗೆ ನಂಬಿಕೆಯೊಂದೇ ಆಧಾರ. ವೈದ್ಯನನ್ನು ನಂಬುವವನಿಗೆ ಕಡೆಯ ಪಕ್ಷ ತನ್ನ ಮೈಯ ನೋವು ತನಗೇ ತಿಳಿಯುತ್ತದೆ. ಕಾರಿನ ಯಜಮಾನನಿಗೆ ಅಷ್ಟೂ ಇಲ್ಲ. ದುರಸ್ತಿಯ ವ್ಯಾಪಾರದ ಲಾಭವೆಲ್ಲ ಈ ಅಜ್ಞಾತ ಪ್ರದೇಶದಲ್ಲಿಯೇ ಬೆಳೆಯುತ್ತದೆ. ಆದ್ದರಿಂದ ಆ ಪ್ರದೇಶಕ್ಕೆ ದೀಪ ತರುವವನನ್ನು ಯಾರೂ ಬಾಗಿಲಿಗೆ ಬಂದು ಸ್ವಾಗತಿಸುವುದಿಲ್ಲ.

ಹಿಂದೆ ಈ ನಂಬಿಕೆ ಮೇಸ್ತ್ರಿಯೆಂಬ ಒಬ್ಬ ಮನುಷ್ಯನ ಮೇಲೆ ನಿಂತಿರುತ್ತಿತ್ತು. ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಮೋಟಾರು ವಿದ್ಯೆ ಬೇರೂರಿದ್ದಕ್ಕೆ ಸೈನ್ಯವೂ ಒಂದು ಕಾರಣ. ಹಲಸೂರಿನಲ್ಲಿ ಸೇನೆಯ 515ನೆಯ ಬೇಸ್ ವರ್ಕ್‌ಶಾಪು ಇಂದಿಗೂ ಇದೆ. ಶಿವಾಜಿನಗರದ ಗಲ್ಲಿಗಳಲ್ಲಿ, ಗುಜರಿ ಅಂಗಡಿಗಳ ಸಾಲಿನ ಆಚೆ ಈಚೆ, ಕೈಗೆ ಕಪ್ಪು ಹತ್ತಿದ ಮೇಸ್ತ್ರಿಗಳು ಅಂಬಾಸಿಡರಿನ, ಫಿಯೆಟ್ಟಿನ ರೋಗವನ್ನು ಶಬ್ದ ಕೇಳಿಯೇ ಹೇಳುತ್ತಿದ್ದರು. ಬಿಡಿಭಾಗ ಬೇಕಾದರೆ ಗುಜರಿಗೆ ಹೋಗಬೇಕು, ಹೊಸದೇ ಬೇಕೆಂದರೆ ಜೆ.ಸಿ. ರಸ್ತೆಗೆ ಹೋಗಬೇಕು, ಪ್ಲಗ್ಗೆಂದರೆ 1951ರಲ್ಲಿ ಸ್ಥಾಪಿತವಾದ ಮೈಕೊ ಕಂಪನಿಯದು. ಈ ಕಾಲವನ್ನು ನೆನೆದು ಕಣ್ಣೀರಿಡುವ ಅಭ್ಯಾಸ ನನಗಿಲ್ಲ. ಆ ಮೇಸ್ತ್ರಿಗಳಲ್ಲಿ ಸಮರ್ಥರಿದ್ದಂತೆಯೇ ಸುಳ್ಳರೂ ಇದ್ದರು. ಗುಜರಿಯಿಂದ ಬಂದ ಭಾಗ ಯಾರ ಕಾರಿನಿಂದ ಹೇಗೆ ಬಿಡುಗಡೆಯಾಗಿತ್ತೆಂದು ಕೇಳುವಂತಿರಲಿಲ್ಲ. ‘ನಾಳೆ ಬನ್ನಿ ಸಾರ್’ ಎಂಬ ಮಾತಿಗೆ ಪಂಚಾಂಗದ ಯಾವ ದಿನಕ್ಕೂ ಸಂಬಂಧವಿರಲಿಲ್ಲ. ಆದರೆ ಒಂದು ಅನುಕೂಲ ಮಾತ್ರ ಇತ್ತು: ಕೆಲಸ ನಿಮ್ಮ ಕಣ್ಣೆದುರಿಗೆ ನಡೆಯುತ್ತಿತ್ತು, ಕಳಚಿದ ಹಳೆಯ ಭಾಗ ನಿಮ್ಮ ಕಾಲ ಬಳಿಯೇ ಬಿದ್ದಿರುತ್ತಿತ್ತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು, ಅದರ ಹಿಂದೆಯೇ ಶುಚಿಯಾದ ಷೋರೂಮೂ ಅಧಿಕೃತ ಸರ್ವೀಸ್ ಕೇಂದ್ರವೂ ಬಂದವು. ಈಗ ಅಲ್ಲಿ ಕಾರನ್ನು ಬಿಟ್ಟವನಿಗೆ ಮೆತ್ತನೆಯ ಸೋಫಾ, ಕಾಫಿ, ಗಾಜಿನ ಗೋಡೆ. ಗಾಜಿನಾಚೆಗೆ ಕಾರುಗಳು ಕಾಣುತ್ತವೆ, ಕೆಲಸ ಕಾಣುವುದಿಲ್ಲ. ಯಜಮಾನನಿಗೂ ಮೆಕ್ಯಾನಿಕ್ಕಿಗೂ ನಡುವೆ ಸರ್ವೀಸ್ ಅಡ್ವೈಸರ್ ಎಂಬ ಮಧ್ಯವರ್ತಿಯೊಬ್ಬನು ಬಂದು ನಿಂತಿದ್ದಾನೆ. ಈತ ಬಹುಮಟ್ಟಿಗೆ ಇಪ್ಪತ್ತೈದರ ಆಸುಪಾಸಿನ ಸುಸಂಸ್ಕೃತ ಯುವಕ, ಕೈಯಲ್ಲಿ ಟ್ಯಾಬ್ಲೆಟ್ಟು, ತಲೆಯ ಮೇಲೆ ತಿಂಗಳ ಗುರಿ. ಮಧ್ಯಾಹ್ನದ ಹೊತ್ತಿಗೆ ಅವನ ದೂರವಾಣಿ ಕರೆ ಬರುತ್ತದೆ: “ಸಾರ್, ಫ್ರಂಟ್ ಬ್ರೇಕ್ ಪ್ಯಾಡ್ ವೀಕ್ ಆಗಿದೆ, ಚೇಂಜ್ ಮಾಡ್ಬೇಕಾಗತ್ತೆ. ಡಿಸ್ಕ್ ಸ್ಕಿಮ್ಮಿಂಗ್ ಕೂಡ ಮಾಡಿಸಿಬಿಡೋಣ. ಅಪ್ರೂವಲ್ ಕೊಡ್ತೀರಾ?” ಕಚೇರಿಯಲ್ಲಿ ಸಭೆಯ ನಡುವೆ ಕುಳಿತವನು ಏನು ಹೇಳಿಯಾನು? ಬ್ರೇಕಿನ ಮಾತು ಬಂದೊಡನೆ ಹೆಂಡತಿ ಮಕ್ಕಳ ಮುಖ ಕಣ್ಣಿಗೆ ಕಟ್ಟುತ್ತದೆ, ‘ಮಾಡಿ’ ಎನ್ನುತ್ತಾನೆ. ಒಮ್ಮೆ ನಾನು ಇಂಥದೇ ಕರೆಗೆ ಉತ್ತರವಾಗಿ, ಪ್ಯಾಡಿನಲ್ಲಿ ಎಷ್ಟು ಮಿಲಿಮೀಟರು ಉಳಿದಿದೆಯೆಂದು ಕೇಳಿದೆ. ಆ ತುದಿಯಲ್ಲಿ ಕೊಂಚ ಮೌನವಾಯಿತು, ಕೇಳಿ ಹೇಳುತ್ತೇನೆಂದ, ಅರ್ಧ ಗಂಟೆಯ ಮೇಲೆ ಬಂದ ಉತ್ತರ ಆರು ಎಂದು. ಹೊಸ ಪ್ಯಾಡು ಸುಮಾರು ಹತ್ತರಿಂದ ಹನ್ನೆರಡು ಮಿಲಿಮೀಟರು ದಪ್ಪವಿರುತ್ತದೆ, ಮೂರಕ್ಕೆ ಇಳಿದಾಗ ಬದಲಿಸುವುದು ವಾಡಿಕೆ. ಮುಂದಿನ ಸರ್ವೀಸಿನಲ್ಲಿ ನೋಡೋಣವೆಂದೆ, ‘ಸರಿ ಸಾರ್’ ಎಂದು ಒಪ್ಪಿಕೊಂಡ. ಅವನ ದನಿಯಲ್ಲಿ ಅಸಮಾಧಾನವಾಗಲಿ ನಾಚಿಕೆಯಾಗಲಿ ಕಿಂಚಿತ್ತೂ ಇರಲಿಲ್ಲವೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಅವನು ಅಳೆದು ಸುಳ್ಳು ಹೇಳಿದವನಲ್ಲ. ಅಳೆಯದೆಯೇ ಪಟ್ಟಿಯಲ್ಲಿದ್ದುದನ್ನು ಓದಿದವನು.

ಬಿಲ್ಲಿನ ಉಳಿದ ಸಾಲುಗಳ ವಿಷಯ ಬಲ್ಲವರೆಲ್ಲ ಬಲ್ಲರು. ಎಂಜಿನ್ ಡಿಕಾರ್ಬನೈಸಿಂಗ್, ಎ.ಸಿ. ಡಿಸ್‌ಇನ್‌ಫೆಕ್ಟೆಂಟ್, ಟೆಫ್ಲಾನ್ ಕೋಟಿಂಗ್, ಇಂಟೀರಿಯರ್ ಎನ್‌ರಿಚ್‌ಮೆಂಟ್ ಎಂದು ಮುಂತಾಗಿ ಮಂತ್ರಪುಷ್ಪದಂತೆ ಸಾಗುವ ಈ ಪಟ್ಟಿಯಲ್ಲಿ ಬಹಳಷ್ಟು ಕೈಪಿಡಿಯ ಯಾವ ಪುಟದಲ್ಲಿಯೂ ಕಾಣಿಸವು. ಆದಾಗ್ಯೂ ಡೀಲರನನ್ನು ಸಾರಾಸಗಟಾಗಿ ಕಳ್ಳನೆಂದು ಕರೆಯುವುದು ಸುಲಭವಾದ ಅನ್ಯಾಯ. ಹೊಸ ಕಾರಿನ ಮಾರಾಟದಲ್ಲಿ ಅವನಿಗೆ ಉಳಿಯುವುದು ಅಲ್ಪ. ಮುಖ್ಯರಸ್ತೆಯ ಷೋರೂಮಿನ ಬಾಡಿಗೆ, ಕಂಪನಿ ಹೇಳಿದಂತೆಯೇ ಹಾಕಿಸಬೇಕಾದ ದೀಪ ಮತ್ತು ನೆಲಹಾಸು, ಸಂಬಳಗಳು, ಇವನ್ನೆಲ್ಲ ಹೊರುವುದು ಹಿಂಬದಿಯ ಸರ್ವೀಸ್ ವಿಭಾಗವೇ. ಏರ್‌ಬ್ಯಾಗು, ಗೇರಿನ ಕಂಪ್ಯೂಟರು, ಕಂಪನಿಯೇ ಕರೆದು ಉಚಿತವಾಗಿ ಸರಿಪಡಿಸಿಕೊಡುವ ದೋಷಗಳು, ಇವುಗಳಿಗೆ ಅಧಿಕೃತ ಗ್ಯಾರೇಜನ್ನು ಬಿಟ್ಟರೆ ಗತ್ಯಂತರವೂ ಇಲ್ಲ, ಅಲ್ಲಿ ಆ ಕೆಲಸ ಚೆನ್ನಾಗಿಯೂ ಆಗುತ್ತದೆ. ತೊಂದರೆ ಇರುವುದು ವ್ಯಕ್ತಿಯ ದುರಾಶೆಯಲ್ಲಿ ಅಲ್ಲ. ಪರೀಕ್ಷಿಸತಕ್ಕವನೂ ಮಾರತಕ್ಕವನೂ ಒಬ್ಬನೇ ಆಗಿರುವ ವ್ಯವಸ್ಥೆಯಲ್ಲಿ.

ಈ ವ್ಯವಸ್ಥೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ಒಂದು ನಿದರ್ಶನ ದೊರೆಯಿತು. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಯಲ್ಲಿ ಮಹದೇವಪುರ ವಲಯದ ಕೆರೆಗಳು ಒಂದರ ಮೇಲೊಂದು ಕೋಡಿ ಹರಿದು, ಒತ್ತುವರಿಯಾದ ರಾಜಕಾಲುವೆಗಳು ನೀರನ್ನು ಬಡಾವಣೆಗಳಿಗೇ ತಿರುಗಿಸಿ, ಹೊರವರ್ತುಲ ರಸ್ತೆಯ ಕಂಪನಿಗಳ ನೌಕರರು ಟ್ರ್ಯಾಕ್ಟರು ಹತ್ತಿ ಕಚೇರಿಗೆ ಹೋದ ದೃಶ್ಯವನ್ನು ದೇಶವೆಲ್ಲ ನೋಡಿತು. ಆಗ ನೀರಿನಲ್ಲಿ ಮುಳುಗಿದ ಕಾರುಗಳಿಗೆ ಲೆಕ್ಕವಿಲ್ಲ. ಅವುಗಳಲ್ಲೊಂದು ಫೋಕ್ಸ್‌ವ್ಯಾಗನ್ ಪೋಲೊ; ಬೆಲೆ ಸುಮಾರು 11 ಲಕ್ಷ ರೂಪಾಯಿ. ಅದರ ಯಜಮಾನನು ಅದನ್ನು ಎಳೆಸಿಕೊಂಡು ಹೋಗಿ ವೈಟ್‌ಫೀಲ್ಡಿನ ಅಧಿಕೃತ ಗ್ಯಾರೇಜಿನಲ್ಲಿ ಬಿಟ್ಟನು. ಕೆಲವು ವಾರಗಳ ತರುವಾಯ ಅವನಿಗೆ ಬಂದ ದುರಸ್ತಿಯ ಅಂದಾಜು 22 ಲಕ್ಷ. ಹೊಸ ಕಾರುಗಳನ್ನೇ ಎರಡು ಕೊಳ್ಳಬಹುದಾದ ಹಣದಲ್ಲಿ ಒಂದು ಹಳೆಯದನ್ನು ಒಣಗಿಸಿಕೊಡುವ ಈ ಪ್ರಸ್ತಾವ ಪತ್ರಿಕೆಗಳಲ್ಲೆಲ್ಲ ಪ್ರಕಟವಾಗಿ ಜನ ನಕ್ಕರು. ಆದರೆ ಅದರಲ್ಲಿ ನಗುವಿಗೆ ಮೀರಿದ ಅಂಶವೊಂದಿತ್ತು. ದುರಸ್ತಿಯ ಖರ್ಚು ವಿಮೆಯಲ್ಲಿ ನಮೂದಿಸಿದ ಬೆಲೆಯ ನೂರಕ್ಕೆ 75 ಪಾಲನ್ನು ಮೀರಿದರೆ ವಿಮೆಯವರು ಕಾರನ್ನು ಪೂರ್ಣ ನಷ್ಟವೆಂದು ಗಣಿಸುತ್ತಾರೆ. ಇಲ್ಲಿಯೂ ಹಾಗೆಯೇ ಆಯಿತು. ಆದರೆ ವಿಮೆಯವರಿಗೆ ಕೊಡಬೇಕಾದ ಕಾಗದಗಳನ್ನು ಪಡೆಯುವುದಕ್ಕೆ ಯಜಮಾನನು ಹೋದಾಗ, ಅಂದಾಜು ತಯಾರಿಸಿದ ಶ್ರಮಕ್ಕೆಂದು ಅವನಿಂದ 44,840 ರೂಪಾಯಿ ಕೇಳಲಾಯಿತು. ಅವನು ವಿಷಯವನ್ನು ಬಹಿರಂಗವಾಗಿ ಬರೆದು, ಕಂಪನಿಯ ಮೇಲಿನವರ ತನಕ ದೂರು ಒಯ್ದ ಮೇಲೆ ಅದು 5,000 ರೂಪಾಯಿಗೆ ಇಳಿಯಿತು. ನಲವತ್ತನಾಲ್ಕು ಸಾವಿರ ನ್ಯಾಯವಾಗಿದ್ದರೆ ಐದಕ್ಕೆ ಇಳಿಯುತ್ತಿರಲಿಲ್ಲ, ಐದೇ ನ್ಯಾಯವಾಗಿದ್ದರೆ ನಲವತ್ತನಾಲ್ಕಕ್ಕೆ ಏರುತ್ತಿರಲಿಲ್ಲ. ಓದು ಬರಹ ಬಲ್ಲ, ಹಟವುಳ್ಳ ಒಬ್ಬ ಗ್ರಾಹಕನಿಗೆ ಆದ ಈ ಇಳಿತ, ಸುಮ್ಮನೆ ಹಣ ಕೊಟ್ಟು ಬಂದವರಿಗೆ ಆಗಲಿಲ್ಲ.

ಆ ಪ್ರವಾಹದಲ್ಲಿ ಹಲವರು ಕಲಿತ ಇನ್ನೊಂದು ಪಾಠವನ್ನೂ ಇಲ್ಲಿಯೇ ಸೇರಿಸುತ್ತೇನೆ. ನೀರಿನಲ್ಲಿ ನಿಂತ ಕಾರನ್ನು ಚಾಲೂ ಮಾಡಲು ಹೋದರೆ ಸಿಲಿಂಡರಿನೊಳಗೆ ಸೇರಿದ ನೀರು, ಗಾಳಿಯಂತೆ ಅದುಮಿಸಿಕೊಳ್ಳಲಾರದಾದ್ದರಿಂದ, ಕನೆಕ್ಟಿಂಗ್ ರಾಡನ್ನೇ ಬಗ್ಗಿಸಿಬಿಡುತ್ತದೆ. ಎಂಜಿನ್ ರಕ್ಷಣೆಯೆಂಬ ಪ್ರತ್ಯೇಕ ಕಂತನ್ನು ಕಟ್ಟದವನಿಗೆ ವಿಮೆಯವರು ಇದನ್ನು ಪ್ರವಾಹದ ನಷ್ಟವೆಂದು ಒಪ್ಪುವುದು ಕಷ್ಟ.

ಅಧಿಕೃತ ಗ್ಯಾರೇಜಿನ ಹಿಡಿತದ ಮೂಲ ಬಿಡಿಭಾಗಗಳ ಮೇಲಿನ ಸ್ವಾಮ್ಯದಲ್ಲಿದೆಯೆಂದು ಮೊದಲು ಅಧಿಕೃತವಾಗಿ ಹೇಳಿದ್ದು ಭಾರತೀಯ ಸ್ಪರ್ಧಾ ಆಯೋಗ. 2011ರಲ್ಲಿ ಒಬ್ಬ ಗ್ರಾಹಕನು ಮೂರು ಕಂಪನಿಗಳ ಮೇಲೆ ಕೊಟ್ಟ ದೂರು ವಿಸ್ತಾರವಾಗಿ, 2014ರ ಆಗಸ್ಟ್ 25ರಂದು ಆಯೋಗವು 14 ಕಾರು ತಯಾರಕರಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ನಮ್ಮ ಬಿಡದಿಯಲ್ಲಿ ಕಾರು ತಯಾರಿಸುವ ಟೊಯೊಟ ಕಿರ್ಲೋಸ್ಕರೂ ಆ ಪಟ್ಟಿಯಲ್ಲಿತ್ತು. ಬಿಡಿಭಾಗಗಳನ್ನೂ ದೋಷ ಪತ್ತೆಮಾಡುವ ಉಪಕರಣಗಳನ್ನೂ ಮುಕ್ತ ಮಾರುಕಟ್ಟೆಗೆ ಬಿಡದೆ ತಮ್ಮ ಡೀಲರುಗಳಿಗೆ ಮಾತ್ರ ಮೀಸಲಿಟ್ಟು, ಸ್ವತಂತ್ರ ಗ್ಯಾರೇಜುಗಳನ್ನು ಸ್ಪರ್ಧೆಯಿಂದ ಹೊರಗಟ್ಟಿದ್ದು ತಪ್ಪೆಂದು ಆಯೋಗ ನಿರ್ಣಯಿಸಿತು. ಹೊರಗಿನ ಗ್ಯಾರೇಜಿನಲ್ಲಿ ಸರ್ವೀಸು ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದಾಗುವುದೆಂಬ ಸಾರಾಸಗಟು ಷರತ್ತನ್ನು ಹಾಕಕೂಡದೆಂದೂ ಆಜ್ಞಾಪಿಸಿತು. ಕಂಪನಿಗಳು ಮೇಲ್ಮನವಿಗೆ ಹೋದವು. ವ್ಯಾಜ್ಯ ನ್ಯಾಯಮಂಡಳಿಗಳಲ್ಲಿಯೂ ನ್ಯಾಯಾಲಯಗಳಲ್ಲಿಯೂ ವರ್ಷಗಟ್ಟಲೆ ಸಾಗಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ‘ದುರಸ್ತಿಯ ಹಕ್ಕು’ ಎಂಬ ಹೆಸರಿನಲ್ಲಿ ಒಂದು ಜಾಲತಾಣವನ್ನು ತೆರೆದು ಮೋಟಾರು ವಾಹನಗಳನ್ನೂ ಅದರಲ್ಲಿ ಸೇರಿಸಿತು. ಇಷ್ಟರಿಂದ ಸರ್ವೀಸ್ ಕೌಂಟರಿನ ಮುಂದೆ ನಿಂತವನ ಸ್ಥಿತಿ ಬಹಳ ಬದಲಾಗಿದೆಯೆಂದು ನಾನು ಹೇಳಲಾರೆ. ವಾರಂಟಿಯ ಹೆದರಿಕೆ ಇಂದಿಗೂ ಅಡ್ವೈಸರನ ಬತ್ತಳಿಕೆಯಲ್ಲಿರುವ ಮೊದಲ ಬಾಣ. ಆದರೆ ಬ್ರೇಕ್ ಪ್ಯಾಡು, ವೈಪರು, ಬಲ್ಬು, ಟೈರು ಮುಂತಾದ ಸವೆಯತಕ್ಕ ವಸ್ತುಗಳಿಗೆ ಸಾಮಾನ್ಯವಾಗಿ ವಾರಂಟಿಯೇ ಅನ್ವಯಿಸುವುದಿಲ್ಲ; ಇಲ್ಲದ ವಾರಂಟಿ ರದ್ದಾಗುವುದೆಂಬ ಭಯಕ್ಕೆ ಅರ್ಥವೂ ಇಲ್ಲ.

ಗರುಡಾಚಾರ್‌ಪಾಳ್ಯದ ಒಂದು ಅಡ್ಡರಸ್ತೆಯಲ್ಲಿ ಎರಡೇ ಕಾರು ಹಿಡಿಸುವ ಗ್ಯಾರೇಜೊಂದಿದೆ. ಅದರ ಯಜಮಾನನ ತಂದೆ ಶಿವಾಜಿನಗರದಲ್ಲಿ ಅಂಬಾಸಿಡರುಗಳ ಮೇಸ್ತ್ರಿಯಾಗಿದ್ದವರು. ಎಲ್ಲರಿಗೂ ಅವನು ‘ಭಾಯ್’. ಒಂದು ಚಕ್ರ ಬಿಚ್ಚಿ, ಟಾರ್ಚು ಬಿಟ್ಟು, “ನೋಡಿ ಸಾರ್, ಇನ್ನೂ ಅರ್ಧ ಐತೆ. ಸುಮ್ನೆ ಯಾಕೆ ದುಡ್ಡು ಹಾಳು? ಕೀಚ್ ಅಂತ ಸೌಂಡ್ ಬರ್ಲಿ, ಆವಾಗ ಬನ್ನಿ” ಎನ್ನುತ್ತಾನೆ. ಈ ‘ಕೀಚ್’ ಎಂಬುದು ಅವನ ಕಲ್ಪನೆಯಲ್ಲ; ಅನೇಕ ಪ್ಯಾಡುಗಳಲ್ಲಿ ಒಂದು ತೆಳು ಉಕ್ಕಿನ ನಾಲಗೆಯಿದ್ದು, ಪ್ಯಾಡು ತೇದು ಮಿತಿಗೆ ಬಂದಾಗ ಅದು ಡಿಸ್ಕಿಗೆ ತಗುಲಿ ಚೀರುತ್ತದೆ. ಡಿಸ್ಕನ್ನು ಚೀರಿದ ಹಾಗೆಲ್ಲ ಬದಲಿಸಬೇಕಾದ್ದಿಲ್ಲ. ಅದು ಎಷ್ಟು ತೆಳುವಾಗುವ ತನಕ ಬಳಸಬಹುದೆಂಬ ಅಂಕೆಯನ್ನು ತಯಾರಕರು ಅದರ ಅಂಚಿನಲ್ಲಿಯೋ ನಡುವಿನಲ್ಲಿಯೋ ಕೆತ್ತಿರುತ್ತಾರೆ. ಭಾಯ್ ಪ್ಯಾಡನ್ನು ಕಾರಿನ ಕಂಪನಿಯ ಡಬ್ಬಿಯಲ್ಲಿ ತರುವುದಿಲ್ಲ, ಬ್ರೇಕಿನ ಸಾಮಾನನ್ನೇ ತಯಾರಿಸುವ ಹೆಸರಾಂತ ಕಂಪನಿಯ ಡಬ್ಬಿಯಲ್ಲಿ ತರುತ್ತಾನೆ, ಬೆಲೆಯಲ್ಲಿ ಗಣನೀಯ ಅಂತರವಿರುತ್ತದೆ. ಡಬ್ಬಿಯ ಮೇಲಿನ ಮುದ್ರಿತ ಬೆಲೆಯನ್ನು ತೋರಿಸಿಯೇ ಹಣ ತೆಗೆದುಕೊಳ್ಳುತ್ತಾನೆ. ಇವನಲ್ಲಿ ನನಗೊಂದು ಆಕ್ಷೇಪವೂ ಉಂಟು: ಬ್ರೇಕಿನ ಎಣ್ಣೆಯ ವಿಷಯದಲ್ಲಿ ಅವನು ತೀರ ಉದಾಸೀನ. ಆ ಎಣ್ಣೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸಿನವರೆಗೆ ಕುದಿಯದಿರಬೇಕು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ; ನಂದಿ ಬೆಟ್ಟವನ್ನು ಬ್ರೇಕು ಹಿಡಿದುಕೊಂಡೇ ಇಳಿಯುವವನಿಗೆ ಈ ವ್ಯತ್ಯಾಸ ಪ್ರಾಣದ ವಿಷಯ. ಎರಡು ವರ್ಷಕ್ಕೊಮ್ಮೆ ಬದಲಿಸಿರೆಂದು ಅಧಿಕೃತ ಗ್ಯಾರೇಜಿನವರು ಹೇಳುವುದು ಇಲ್ಲಿ ಸರಿ, ಭಾಯ್ ಹೇಳುವುದು ತಪ್ಪು. ಅಂದಮೇಲೆ ಮಾತು ಯಾರದೆಂಬುದನ್ನು ನೋಡಿ ನಂಬುವುದೂ ತಿರಸ್ಕರಿಸುವುದೂ ಎರಡೂ ನಮ್ಮ ಆಲಸ್ಯಕ್ಕೆ ನಾವು ಕೊಟ್ಟುಕೊಳ್ಳುವ ಹೆಸರುಗಳು.

ಗ್ರಾಹಕನ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಜಾಬ್ ಕಾರ್ಡಿನ ಮೇಲೆ ಓಡಿದ ಕಿಲೊಮೀಟರು, ಒಪ್ಪಿದ ಕೆಲಸ, ಅಂದಾಜು ಮೊತ್ತ, ಇವು ಬರೆಯಲ್ಪಡದೆ ಸಹಿ ಹಾಕಬಾರದು. ಬದಲಿಸಿದ ಹಳೆಯ ಭಾಗವನ್ನು ಡಿಕ್ಕಿಯಲ್ಲಿ ಇಡಿರೆಂದು ಕಾರು ಬಿಡುವಾಗಲೇ ಹೇಳಬೇಕು. ಸಾಯಂಕಾಲ ಕೇಳಿದರೆ ಅದು ಗುಜರಿಗೆ ಹೋಗಿರುತ್ತದೆ. ಪ್ಯಾಡಿನ ದಪ್ಪವನ್ನು ಮಿಲಿಮೀಟರಿನಲ್ಲಿ ಬರೆದುಕೊಡಿರೆಂದು ಕೇಳಿದ ಮಾತ್ರಕ್ಕೆ ಎಷ್ಟೋ ಪ್ಯಾಡುಗಳು ಮರುಜನ್ಮ ಪಡೆಯುವುದನ್ನು ಕಂಡಿದ್ದೇನೆ. 2020ರ ಜುಲೈ 20ರಂದು ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ತೆರಿಗೆಯ ಭಾರವೂ ಕೊಂಚ ಇಳಿದಿದೆ: 2025ರ ಸೆಪ್ಟೆಂಬರ್ 22ರಿಂದ ಕಾರಿನ ಟೈರುಗಳ ಮೇಲೆಯೂ ಬಿಡಿಭಾಗಗಳ ಮೇಲೆಯೂ ಜಿ.ಎಸ್.ಟಿ. ನೂರಕ್ಕೆ 28ರಿಂದ 18ಕ್ಕೆ ಬಂದಿತು. ಆ ಇಳಿತ ನಿಮ್ಮ ಬಿಲ್ಲಿನವರೆಗೆ ಬಂದು ಮುಟ್ಟಿದೆಯೇ ಎಂಬುದನ್ನು ಹಳೆಯ ಬಿಲ್ಲಿನ ಜೊತೆ ಹೋಲಿಸಿ ನೋಡುವುದು ಸಾಧು.

ತೇದುಹೋದದ್ದು ಎಲ್ಲಿಗೆ ಹೋಯಿತೆಂಬ ಪ್ರಶ್ನೆಯನ್ನು ನಮ್ಮಲ್ಲಿ ಇನ್ನೂ ಯಾರೂ ಗಟ್ಟಿಯಾಗಿ ಕೇಳಿಲ್ಲ. ಪ್ಯಾಡಿನ ಲೋಹದ ಹುಡಿಯೂ ಟೈರಿನ ರಬ್ಬರಿನ ಕಣವೂ ಮೊದಲು ರಸ್ತೆಯ ಬದಿಯವನ ಶ್ವಾಸಕೋಶಕ್ಕೂ, ಮಳೆ ಬಂದಾಗ ಚರಂಡಿಗೂ, ಅಲ್ಲಿಂದ ರಾಜಕಾಲುವೆಯ ಮೂಲಕ ವರ್ತೂರು ಕೆರೆಗೂ ಹೋಗುತ್ತವೆ. ನಮ್ಮಲ್ಲಿ 2020ರ ಏಪ್ರಿಲಿನಿಂದ ಜಾರಿಯಲ್ಲಿರುವ ಭಾರತ್ ಸ್ಟೇಜ್ 6 ನಿಯಮ ಮುಖ್ಯವಾಗಿ ಹೊಗೆಯ ಕೊಳವೆಯನ್ನೇ ನೋಡುತ್ತದೆ. ಯೂರೋಪಿನವರು 2024ರಲ್ಲಿ ಅಂಗೀಕರಿಸಿದ ಯೂರೊ 7 ನಿಯಮದಲ್ಲಿ ಮೊದಲ ಬಾರಿಗೆ ಬ್ರೇಕಿನ ಧೂಳಿಗೂ ಮಿತಿ ಹಾಕಿದ್ದಾರೆ. ಸಿಗ್ನಲಿನಲ್ಲಿ ದಿನವೆಲ್ಲ ನಿಂತಿರುವ ಟ್ರಾಫಿಕ್ ಪೊಲೀಸನಿಗೆ ಕೇಳಿದರೆ ಇದು ತಡವಾಯಿತೆಂದಾನು.

ವಿದ್ಯುತ್ ಕಾರುಗಳು ಬಂದ ಮೇಲೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತಿದೆ. ಅವುಗಳಲ್ಲಿ ಆಕ್ಸಿಲರೇಟರಿನಿಂದ ಪಾದ ತೆಗೆದೊಡನೆ ಮೋಟರೇ ಜನರೇಟರಾಗಿ ತಿರುಗಿ, ಹಿಂದೆ ಶಾಖವಾಗಿ ಹೋಗುತ್ತಿದ್ದ ಶಕ್ತಿಯಲ್ಲಿ ಒಂದಂಶವನ್ನು ಬ್ಯಾಟರಿಗೆ ಹಿಂದಿರುಗಿಸುವುದರಿಂದ ಬ್ರೇಕ್ ಪ್ಯಾಡು ಬಹುಕಾಲ ಬಾಳುತ್ತದೆ. ಮಹದೇವಪುರದಂಥ ನಿಂತು ನಿಂತು ಸಾಗುವ ರಸ್ತೆಗೆ ಇದಕ್ಕಿಂತ ತಕ್ಕದ್ದಿಲ್ಲ. ಬ್ಯಾಟರಿಯ ತೂಕದಿಂದ ಟೈರು ಮಾತ್ರ ಬೇಗ ತೇಯುತ್ತದೆ. ಎಂಜಿನ್ ಆಯಿಲಿಲ್ಲ, ಪ್ಲಗ್ಗಿಲ್ಲ, ಕ್ಲಚ್ಚಿಲ್ಲ. ಸರ್ವೀಸಿನ ಬಿಲ್ಲು ಸಹಜವಾಗಿಯೇ ಚಿಕ್ಕದು. ಆದರೆ ಇಂಥದೊಂದು ಕಾರು ಕಳೆದ ತಿಂಗಳು ಭಾಯ್ ಅಂಗಡಿಗೆ ಹಿಂದಿನ ಬ್ರೇಕಿನ ಕೆಲಸಕ್ಕಾಗಿ ಬಂದಾಗ, ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕನ್ನು ಕಂಪ್ಯೂಟರಿನಿಂದ ಸಡಿಲಿಸದ ಹೊರತು ಪ್ಯಾಡು ಹೊರಬರುವುದಿಲ್ಲವೆಂದು ತಿಳಿಯಿತು. ಅವನ ಬಳಿಯಿರುವ ಸ್ಕ್ಯಾನರು ಆ ಕಾರಿನ ಜೊತೆ ಮಾತಾಡಲು ಒಪ್ಪಲಿಲ್ಲ. ಒಪ್ಪುವಂಥದ್ದರ ಬೆಲೆಯನ್ನು ಅವನು ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ ಬಂದಿದ್ದಾನೆ. “ಸಾರ್, ಅದೊಂದು ತಗೊಂಡ್ರೆ ನಾನು ಎರಡು ವರ್ಷ ದುಡೀಬೇಕು, ಅಷ್ಟೊತ್ತಿಗೆ ಅವ್ರು ಸಾಫ್ಟ್‌ವೇರ್ ಚೇಂಜ್ ಮಾಡಿಬಿಡ್ತಾರೆ” ಎಂದು ಹೇಳಿ, ಕಾರಿನ ಯಜಮಾನನಿಗೆ ಅಧಿಕೃತ ಗ್ಯಾರೇಜಿನ ದಾರಿ ತೋರಿಸಿದ.